ಅಚ್ಚೊತ್ತಿದ ನಲವತ್ತೆರಡು

ಅಂಟಿಸಿದ ಚೀಟಿಯನ್ನು ನಂಬುವ ಆಸಾಮಿಯಲ್ಲ ಬಾಯ್ಲರ್ ಮಾಮ. ಬಟ್ಟೆ ಗಿರಣಿಯ ಬಾಯ್ಲರಿನಲ್ಲಿ ಇಪ್ಪತ್ತಾರು ವರ್ಷ ಉಗಿ ಕಾಯುತ್ತ ಬಂದವನು. ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದು, ಅಚ್ಚೊತ್ತಿದ ಅಂಕಿಯೇ ನಿಜ ಎನ್ನುವುದು ಅವನ ಸಿದ್ಧಾಂತ. ಬೈಕಿಗೆ ಹೊಸ ಟೈರು ಹಾಕಿಸಿದ ದಿನ ಕನ್ನಡಕ ಏರಿಸಿ, ಮೊಣಕಾಲೂರಿ, ಟೈರಿನ ಪಕ್ಕೆಯಲ್ಲಿದ್ದ ಉಬ್ಬಕ್ಷರ ಓದಿದ. ಗಾಳಿಯ ಒತ್ತಡ ನಲವತ್ತೆರಡು. ಚೈನಿನ ಮುಚ್ಚಳದ ಮೇಲೆ ಬೈಕ್ ಕಂಪನಿ ಅಂಟಿಸಿದ್ದ ಚೀಟಿಯಲ್ಲಿ ಬೇರೆ ಅಂಕಿ ಇತ್ತು. ಅದರ ಕಡೆ ತಿರುಗಿಯೂ ನೋಡದೆ ಕಾಲುಪಂಪಿನಿಂದ ಎರಡೂ ಟೈರಿಗೆ ನಲವತ್ತೆರಡು ತುಂಬಿದ.

ಮಾರನೆಯ ದಿನವೇ ಹ್ಯಾಂಡಲ್ ಅವನ ಕೈಯಲ್ಲಿ ನಡುಗತೊಡಗಿತು. ಬೈಕಿನಿಂದ ಇಳಿದು ಬಾಯ್ಲರಿನ ಚಕ್ರ ಹಿಡಿದರೂ ಅಂಗೈ ಜುಮುಗುಟ್ಟುತ್ತಿತ್ತು. ಅವನ ಜೀವ ಅಲ್ಲೇ ಅರ್ಧ ಹೋಯಿತು. ಅವನ ಅಪ್ಪನಿಗೆ ಇದೇ ವಯಸ್ಸಿನಲ್ಲಿ ಕೈ ನಡುಕ ಹಿಡಿದಿತ್ತು. ಮೊದಲು ಸಹಿ ಕೆಟ್ಟಿತು, ಕೊನೆಗೆ ತುತ್ತಿಡಲೂ ಇನ್ನೊಬ್ಬರು ಬೇಕಾದರು. ಈಗ ನನ್ನ ಸರದಿ ಎಂದುಕೊಂಡ. ಕುಣಿಯಲಾರದೆ ನೆಲ ಡೊಂಕು ಅಂದವರನ್ನು ನೋಡಿದ್ದೇವೆ. ನೆಲವೇ ಡೊಂಕಾಗಿದ್ದರೂ ತನ್ನ ಕಾಲಿಗೆ ಬೈದುಕೊಂಡವನು ಇವನೊಬ್ಬನೇ.

ಡಾಕ್ಟರ ಬಳಿ ಹೋಗಲಿಲ್ಲ, ಹೋದರೆ ಕಾಯಿಲೆಗೆ ಹೆಸರಿಟ್ಟುಬಿಡುತ್ತಾರೆ ಎಂಬ ಹೆದರಿಕೆ. ಹೆಂಡತಿಯನ್ನು ಹಿಂದೆ ಕೂರಿಸಿಕೊಳ್ಳುವುದನ್ನೂ ಬಿಟ್ಟ. ಹೊಸ ಟೈರು ಸ್ವಲ್ಪ ಪಳಗಲಿ ಎಂದು ಸಬೂಬು ಹೇಳಿದ. ಅವಳು ತನ್ನ ಹೊಲಿಗೆ ಅಂಗಡಿಗೆ ನಡೆದೇ ಹೋಗತೊಡಗಿದಳು.

ಮೂರು ವಾರ ಹೀಗೇ ಕಳೆಯಿತು. ಒಂದು ಮಧ್ಯಾಹ್ನ ಪಂಪು ಕೈಕೊಟ್ಟಿತು. ವಿಧಿಯಿಲ್ಲದೆ ಪಂಕ್ಚರ್ ಅಂಗಡಿಗೆ ಹೋದ. ಅಂಗಡಿಯಾಕೆ ಗಾಳಿಯ ಕೊಳವೆ ಹಿಡಿದು ಬಂದಳು.

"ಎಷ್ಟು ಹಾಕ್ಲಿ ಅಣ್ಣಾ?"

"ಎರಡಕ್ಕೂ ನಲವತ್ತೆರಡು."

"ಯಾರು ಹೇಳಿದ್ದು ನಿಮಗೆ?"

"ಯಾರಾದ್ರೂ ಯಾಕೆ ಹೇಳ್ಬೇಕು ತಂಗಿ? ಟೈರಿನ ಮೇಲೇ ಇದೆಯಲ್ಲ."

ಅವಳು ಅವನ ಅಂಗಿಯ ಮೇಲಿನ ಗಿರಣಿಯ ಬಾಯ್ಲರ್ ವಿಭಾಗದ ಬಿಲ್ಲೆ ನೋಡಿದಳು. "ಬಾಯ್ಲರ್ ಕೆಲಸನಾ? ಅದರ ಮೇಲೂ ಒಂದು ಅಂಕಿ ಇರುತ್ತಲ್ಲ. ಅಲ್ಲಿವರೆಗೂ ದಿನಾ ಉಗಿ ಏರಿಸ್ತೀರಾ?"

"ತಲೆ ಕೆಟ್ಟಿದೆಯಾ? ಅದು ಕಟ್ಟಕಡೆಯ ಮಿತಿ. ಅದಕ್ಕಿಂತ ಎಷ್ಟೋ ಕೆಳಗೇ ಓಡಿಸ್ಬೇ..."

ಹೊಸದಾಗಿ ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ಅವನು ಮೊದಲು ಕಲಿಸುವ ಪಾಠವೇ ಅದು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ನೀರಿನ ಬಾನಿಯೊಳಗೆ ಬಿದ್ದಿತ್ತು.

"ಇದೂ ಹಾಗೇ," ಎಂದು ಆಕೆ ಚೈನಿನ ಮುಚ್ಚಳ ಒರೆಸಿ ಚೀಟಿ ತೋರಿಸಿದಳು. "ಮುಂದಕ್ಕೆ ಇಪ್ಪತ್ತೈದು. ಹಿಂದಕ್ಕೆ ಒಬ್ಬರಾದ್ರೆ ಇಪ್ಪತ್ತೆಂಟು, ಇಬ್ಬರಾದ್ರೆ ಮೂವತ್ತೆರಡು. ಇಷ್ಟು ಬಿಗಿಯಾಗಿದ್ರೆ ಸಣ್ಣ ಕಲ್ಲೂ ನೇರ ಕೈಗೇ ಹೊಡೆಯುತ್ತೆ. ಹಿಂದೆ ಯಾರಾದ್ರೂ ಕೂರ್ತಾರಾ?"

"ಸದ್ಯಕ್ಕಿಲ್ಲ," ಎಂದ ಮಾಮ.

ಬುಸ್ಸೆಂದು ಗಾಳಿ ಇಳಿಯಿತು. ಅವನು ಅದೇ ಬೀದಿಯಲ್ಲಿ ಹೊರಟ. ಚರಂಡಿ ಅಗೆದು ಮುಚ್ಚಿದ ಕಡೆ ಬೇಕೆಂದೇ ಹಾಯಿಸಿದ. ಹ್ಯಾಂಡಲ್ ಮೊದಲಿನಂತೆ ನಡುಗಲಿಲ್ಲ. ತಿರುವಿನಲ್ಲಿ ನಿಲ್ಲಿಸಿ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡ. ಅವು ಸುಮ್ಮನೆ ಇದ್ದವು, ಯಾವಾಗಲೂ ಇದ್ದ ಹಾಗೆ. ಹೋದ ಜೀವ ಬಂದಂತಾಯಿತು. ದಾರಿಹೋಕರು ಏನಂದುಕೊಂಡಾರು ಎಂಬ ಪರಿವೆಯೂ ಇಲ್ಲದೆ ಒಬ್ಬನೇ ನಕ್ಕ.

ಅಂಗಡಿಗೆ ಹಿಂತಿರುಗಿದ. "ತಂಗಿ, ಹಿಂದಕ್ಕೆ ಇನ್ನೂ ನಾಲ್ಕು ಹಾಕು. ಹೆಂಡತಿ ಕೂರ್ತಾಳೆ."

ಹೊಲಿಗೆ ಅಂಗಡಿಯಲ್ಲಿ ಹೆಂಡತಿ ಯಂತ್ರದ ಮುಂದೆ ಬಾಗಿ ಕೂತಿದ್ದಳು. ಅವನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ, ಅಪ್ಪನ ಕಾಯಿಲೆ ಬಂತೆಂದು ಹೆದರಿದ್ದನ್ನೂ ಸೇರಿಸಿ. ಆಗ ಅವನ ಕಣ್ಣು ಅವಳ ಮಡಿಲಿನತ್ತ ಹೋಯಿತು. ಅಲ್ಲಿದ್ದದ್ದು ಅವನದೇ ಅಂಗಿ. ಗುಂಡಿಗಳನ್ನೆಲ್ಲ ಕಿತ್ತು, ಆ ಜಾಗದಲ್ಲಿ ಒತ್ತಿದರೆ ಕೂರುವ ಟಿಚ್ ಬಟನ್ ಹೊಲಿದಿದ್ದಳು.

"ಇದೇನೇ?"

"ನೀವು ಅಂಗೈ ತಿಕ್ಕಿಕೊಳ್ಳೋದನ್ನ ನೋಡ್ತಾನೇ ಇದ್ದೆ ರೀ. ನಿಮ್ಮಪ್ಪ ಗುಂಡಿ ಹಾಕ್ಕೊಳ್ಳೋಕೆ ಪಟ್ಟ ಪಾಡು ನಂಗೆ ಮರೆತಿಲ್ಲ," ಎಂದಳು. "ಇದು ಮೂರನೇ ಅಂಗಿ."

ಅವನು ಕೈಗಳನ್ನು ಅವಳ ಮುಂದೆ ಮೇಜಿನ ಮೇಲಿಟ್ಟ. ಅವಳು ತುಂಬಾ ಹೊತ್ತು ನೋಡಿದಳು, ಮುಟ್ಟಿಯೂ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಕತ್ತರಿ ತೆಗೆದುಕೊಂಡಳು.

"ಕೂತ್ಕೊಳ್ಳಿ. ಇವನ್ನೆಲ್ಲ ಕಿತ್ತುಹಾಕಿ ಬರ್ತೀನಿ, ಒಟ್ಟಿಗೇ ಹೋಗೋಣ."