ಬೆಣ್ಣೆ ಬರುವ ತನಕ

ಕೆನೆ ಕಡೆದು ಕಡೆದು ನನ್ನ ತೋಳು ಸೋತಿತ್ತು. ಬೆಣ್ಣೆ ಇನ್ನೇನು ಕೂಡಬೇಕು ಅನ್ನುವಾಗ ಜಮೀನ್ದಾರರ ಕಾಡುಕಾವಲುಗಾರ ಥರ್ಟಲ್ ಕೋವಿ ಹಿಡಿದು ಬಾಗಿಲಲ್ಲಿ ನಿಂತ.

ನಮ್ಮಣ್ಣ ಈನಾಕ್ ಆ ಕಾಡಿನಲ್ಲಿ ಒಂದು ಜೋಡಿ ಫೆಸೆಂಟ್ ಹಕ್ಕಿ ಕದ್ದು ಹಿಡಿದಿದ್ದ. ಸಿಕ್ಕಿದರೆ ಸಂಕೋಲೆ ಹಾಕಿ ಕಡಲಾಚೆಯ ಸೆರೆಗೆ ಸಾಗಿಸುತ್ತಿದ್ದ ಕಾಲ. ಅವನು ಅಡಗಿದ್ದ ಹಡಗಿನ ಹಾಯಿಕಂಬ ನಮ್ಮ ಕಿಟಕಿಯಿಂದಲೇ ಕಾಣುತ್ತಿತ್ತು. ಉಬ್ಬರ ತುಂಬದೆ ಅದು ಹೊರಡುವಂತಿರಲಿಲ್ಲ.

“ಹೆಪ್ಸಿಯಮ್ಮ, ನಿಮ್ಮ ಮೊಮ್ಮಗ ಎಲ್ಲಿ?”

ಅಜ್ಜಿ ಹೆಣೆಯುತ್ತಿದ್ದ ಕಾಲುಚೀಲದಿಂದ ತಲೆ ಎತ್ತಲಿಲ್ಲ. “ಕಡೆಯೋ ಮನೆಗೆ ಬಂದು ಕಡಗೋಲು ಮುಟ್ಟದೆ ಮಾತಾಡ್ತೀಯಲ್ಲ, ನಿಮ್ಮಮ್ಮ ಕಲಿಸಿದ್ದು ಇದೇನಾ? ಬೆಣ್ಣೆ ಬರ್ಲಿ, ನನ್ನ ಕತೆ ಮುಗೀಲಿ. ಅವನೆಲ್ಲಿ ಅಂತ ನಾನೇ ಹೇಳ್ತೀನಿ. ಸುಳ್ಳು ಹೇಳಲ್ಲ.”

ನಮ್ಮ ನಾರ್ಫೋಕ್ ಸೀಮೆಯಲ್ಲಿ ಬೆಣ್ಣೆ ಬರುವ ಮೊದಲು ಕಡಗೋಲು ಬಿಟ್ಟು ಹೋದವರ ಹಸು ಬತ್ತುತ್ತದೆ ಅನ್ನುತ್ತಾರೆ. ಥರ್ಟಲ್‌ಗೆ ಇದ್ದದ್ದು ಒಂದೇ ಹಸು, ಮನೆಯಲ್ಲಿ ಎಳೆಕೂಸು. ಕೋವಿ ಗೋಡೆಗೊರಗಿಸಿ, ಕಿಟಕಿಗೆ ಬೆನ್ನು ಹಾಕಿ ಕೂತು ಕಡೆಯತೊಡಗಿದ.

“ಮುದುಕಿ ಮನೆಗೆ ಹೊರಟ್ಲು, ಬಾಗಿಲು ತೆಗೀಲಿಲ್ಲ. ಬಾಗಿಲು ಕೀಲಿಗೆ ಕೊಬ್ಬು ಕೇಳ್ತು. ಕೊಬ್ಬು ಕೊಡೋ ಹೆಬ್ಬಾತು ಬಾರ್ಲಿ ಕೇಳ್ತು. ಬಾರ್ಲಿ ಕೊಡೋ ಹೊಲ ಮಳೆ ಕೇಳ್ತು…”

“ಮಳೆ ಏನು ಕೇಳ್ತು? ಬೇಗ ಹೇಳಮ್ಮ.”

“ನಡುವೆ ಬಾಯಿ ಹಾಕಿದ್ಯಾ? ಇನ್ನು ಮೊದಲಿಂದ. ಮುದುಕಿ ಮನೆಗೆ ಹೊರಟ್ಲು…”

ಅಜ್ಜಿ ನನಗೆ ಬಾವಿನೀರಿನ ಹೂಜಿಯತ್ತ ಕಣ್ಣು ತೋರಿಸಿದಳು. ಕಡಗೋಲು ತೊಳೆಯುವ ನೆಪದಲ್ಲಿ ಕೆನೆಗೆ ತಣ್ಣೀರು ಸುರಿದೆ. ಕೆನೆ ತಣ್ಣಗಾದರೆ ಬೆಣ್ಣೆ ಕೂಡುವುದಿಲ್ಲ.

“ನೀರ್ಯಾಕೆ ಹುಡುಗಿ?”

“ಮತ್ತೆ ಬಾಯಿ ಹಾಕಿದ್ಯಲ್ಲಪ್ಪ. ಮುದುಕಿ ಮನೆಗೆ ಹೊರಟ್ಲು…”

ಹಾಯಿಕಂಬ ಅಲುಗಲಿಲ್ಲ. ಅಜ್ಜಿಯ ಕತೆ ಬಾಗಿಲಿಂದ ಹೊಲಕ್ಕೆ, ಹೊಲದಿಂದ ಬಾಗಿಲಿಗೆ ಅಲೆಯಿತು. ಥರ್ಟಲ್‌ನ ಕತ್ತಿನಲ್ಲಿ ಬೆವರಿಳಿಯಿತು. ಇದ್ದಕ್ಕಿದ್ದಂತೆ ಅವನ ಕೈ ನಿಂತಿತು. ಕತ್ತು ಮೆಲ್ಲಗೆ ಕಿಟಕಿಯತ್ತ ತಿರುಗತೊಡಗಿತು.

“ನಿನ್ನ ಹಸು ಹೆಸರೇನಪ್ಪ?” ಎಂದಳು ಅಜ್ಜಿ.

ಅವನು ಕಣ್ಣು ಕೆಳಗಿಳಿಸಿ ಮತ್ತೆ ಕಡೆದ.

ಕೊನೆಗೂ ಹಾಯಿಕಂಬ ಸರಿಯಿತು, ಕಿಟಕಿಯ ಅಂಚು ದಾಟಿತು. ನಾನು ಒಲೆಯ ಮೇಲಿನ ಬಿಸಿನೀರು ಬೆರೆಸಿದೆ. ಸ್ವಲ್ಪ ಹೊತ್ತಿಗೆ ಬೆಣ್ಣೆ ಮುದ್ದೆಗಟ್ಟಿತು.

“ಮಳೆ ಬಂತು, ಬಾಗಿಲು ತೆಗೀತು, ಮುದುಕಿ ಮನೆ ಸೇರಿದ್ಲು. ಈನಾಕ್ ಈಗ ಹೊರಟ ಹಡಗಲ್ಲಿದ್ದಾನೆ. ಇಕೋ, ಈ ಬೆಣ್ಣೆ ನಿನ್ನ ಹೆಂಡ್ತಿಗೆ.”

ಥರ್ಟಲ್ ಕಿಟಕಿ ನೋಡಿದ, ಅಜ್ಜಿಯನ್ನು ನೋಡಿದ. ಬೆಣ್ಣೆ ತೆಗೆದುಕೊಂಡೇ ಹೋದ.

ಎಷ್ಟೋ ವರ್ಷದ ಮೇಲೆ, ಅಣ್ಣ ಇಂಥ ಬಂದರಿನಲ್ಲಿದ್ದಾನೆಂದು ನಾವಿಕನೊಬ್ಬ ಸುದ್ದಿ ತಂದ. ಊರಿನಲ್ಲಿ ನಮ್ಮಂಥವರ ಕಾಗದ ಬರೆಯುತ್ತಿದ್ದವರು ಪಾದ್ರಿಗಳೊಬ್ಬರೇ. ಅವರ ಭಾನುವಾರದ ಊಟ ಜಮೀನ್ದಾರರ ಮನೆಯಲ್ಲಿ. ಹಾಗಾಗಿ ಅಣ್ಣನಿಗೆ ಕಾಗದ ಬರೆಸಲಿಲ್ಲ. ಕೂದಲು ಬಿಳಿಯಾದ ಮೇಲೆ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತೆ. ಕಾಗದದ ನಡುವೆ ಚಿತ್ತಾದಾಗಲೆಲ್ಲ ಮೊದಲಿಂದ ಬರೆದೆ. ಅವನು ನೋಡದೇ ಹೋದ ಆ ಬೆಳಗನ್ನು, ಥರ್ಟಲ್‌ನ ಬೆವರನ್ನೂ ಬಿಡದೆ ಬರೆದೆ.

ಇವತ್ತು ಅದನ್ನು ಅಂಚೆಯವಳ ಕೈಗೆ ಕೊಟ್ಟು, ಅವಳು ಚೀಲದ ಬಾಯಿ ಕಟ್ಟುವ ತನಕ ಅಲ್ಲೇ ನಿಂತಿದ್ದೆ.