ಓಮಿನ್ ಅಂದ ಮೇಲೆ

ನಮ್ಮ ಊರಿನ ಫುಟ್‌ಬಾಲ್ ತಂಡಕ್ಕೆ ತರಬೇತುದಾರನಾಗಿ ಬಂದವನು ಪೆಟ್ಟಿಗೆಯನ್ನು ಪೂರ್ತಿ ಬಿಚ್ಚುವುದು ಬೇಡ ಎಂಬ ಮಾತು ಕಣಿವೆಯ ಎಲ್ಲ ಊರುಗಳಲ್ಲೂ ಓಡಾಡುತ್ತಿತ್ತು. ಅದನ್ನು ಕೇಳಿ ನಗುತ್ತಿದ್ದವರಲ್ಲಿ ನಾನೂ ಒಬ್ಬ. ನನ್ನ ಹೆಸರು ಸೋಬಿರ್. ಹಿಂದಿನ ಸಾಲಿನಲ್ಲಿ ಆಡುತ್ತಿದ್ದೆ, ತಂಡದ ನಾಯಕನೂ ಆಗಿದ್ದೆ. ಮೀರ್ಜೋಹಿದ್ ಅಕಾ, ಅಂದರೆ ನಮ್ಮ ಮೀರ್ಜೋಹಿದ್ ಅಣ್ಣ, ಕ್ಲಬ್ಬಿನ ಅಧ್ಯಕ್ಷರಾದ ನಾಲ್ಕು ವರ್ಷಗಳಲ್ಲಿ ಏಳು ಮಂದಿ ತರಬೇತುದಾರರ ಕೈ ಕುಲುಕಿ ಒಳಗೆ ಕರೆದಿದ್ದೆ, ಏಳು ಮಂದಿಯನ್ನೂ ಬಸ್ಸು ಹತ್ತಿಸಿದ್ದೆ. ಒಬ್ಬ ಓಡಿ ಅಂದ. ಅವನ ನಂತರ ಬಂದವನು ಓಡಬೇಡಿ, ನಿಂತು ಆಡಿ ಅಂದ. ಮೂರನೆಯವನು ಏನು ಹೇಳುವವನಿದ್ದನೋ, ಹೇಳುವ ಮೊದಲೇ ಗಂಟುಮೂಟೆ ಕಟ್ಟಿದ. ಮುಂದಿನ ತಿಂಗಳು ಇರದವನ ಪಾಠವನ್ನು ಯಾವ ಆಟಗಾರ ತಲೆಗೆ ಹಾಕಿಕೊಳ್ಳುತ್ತಾನೆ?

ಮೀರ್ಜೋಹಿದ್ ಅಕಾ ಕೆಟ್ಟವರಲ್ಲ. ಹತ್ತಿ ಕಾರ್ಖಾನೆ ನಡೆಸುವವರು. ಯಂತ್ರದ ಪಟ್ಟಿ ಹರಿದರೆ ಬೇರೆ ಪಟ್ಟಿ ಹಾಕುತ್ತಾರೆ, ಯಂತ್ರ ತಿರುಗುತ್ತದೆ. ತಂಡವೂ ಹಾಗೇ ಎಂದು ನಂಬಿದ್ದರು. ಮೇಲಾಗಿ ಅವರ ತಲೆಯ ಮೇಲೆ ಜಿಲ್ಲೆಯ ಹೋಕಿಮರಿದ್ದರು. ಕ್ಲಬ್ಬಿಗೆ ಹಣ ಬರುವುದು, ಅಧ್ಯಕ್ಷರ ಕುರ್ಚಿ ಉಳಿಯುವುದು, ಎರಡೂ ಆ ದೊಡ್ಡ ಅಧಿಕಾರಿಯ ಕೈಯಲ್ಲಿ. ನಾವು ಸೋತ ಸಂಜೆ ಹೋಕಿಮರ ಫೋನು ಬರುತ್ತಿತ್ತು, ಅದರ ಬೆನ್ನಿಗೇ ತರಬೇತುದಾರನ ತಲೆದಂಡ.

ಆದರೂ ನಮ್ಮ ಕಣಿವೆಯಲ್ಲಿ ಹೊರಗಿನಿಂದ ಬಂದವನಿಗೆ ಹೋಗು ಎಂದು ಮುಖಕ್ಕೆ ಹೇಳುವವರು ಯಾರೂ ಇಲ್ಲ. ಅದಕ್ಕೊಂದು ಕ್ರಮವಿತ್ತು. ಕಾಲುವೆಯ ಪಕ್ಕದ ಚಹಾದಂಗಡಿ ಚೋಯ್‌ಖೋನಾದಲ್ಲಿ ದೊಡ್ಡ ಕಡಾಯಿ ಇಟ್ಟು ಕುರಿಮಾಂಸ, ಗಜ್ಜರಿ ಹಾಕಿ ಅನ್ನ ಬೇಯಿಸಿ ಓಶ್ ಮಾಡಿಸುತ್ತಿದ್ದರು. ಎಲ್ಲರೂ ಹೊಟ್ಟೆ ತುಂಬ ತಿಂದ ಮೇಲೆ ಸಾಲಿನಲ್ಲಿ ಅತಿ ಹಿರಿಯರು ಎರಡೂ ಅಂಗೈ ಎತ್ತಿ, ಹೊರಟವನಿಗೆ ದಾರಿ ಒಳಿತಾಗಲಿ ಎಂದು ಪ್ರಾರ್ಥಿಸುತ್ತಿದ್ದರು. ನಾವೂ ಅಂಗೈ ಎತ್ತಿ ಓಮಿನ್, ಹಾಗೇ ಆಗಲಿ, ಅಂದು ಮುಖ ಸವರಿಕೊಳ್ಳುತ್ತಿದ್ದೆವು. ಅಲ್ಲಿಗೆ ಮುಗಿಯಿತು. ಮಗಳ ನಿಶ್ಚಿತಾರ್ಥವಿರಲಿ, ನೀರಿನ ಜಗಳದ ರಾಜಿಯಿರಲಿ, ಹಿರಿಯರ ಅಂಗೈ ಮುಂದೆ ಓಮಿನ್ ಅಂದ ಮೇಲೆ ಅದನ್ನು ಮತ್ತೆ ಕೆದಕುವವನನ್ನು ನಮ್ಮಲ್ಲಿ ಮನುಷ್ಯ ಎಂದು ಎಣಿಸುವುದಿಲ್ಲ.

ಎಂಟನೆಯವರಾಗಿ ಬಂದವರು ನೋರ್ಕುಲ್ ಅಕಾ. ದಕ್ಷಿಣದ ಸುರ್ಖೋನ್ ಕಡೆಯವರು, ಕುಳ್ಳು ಮೈ, ಬಾಗಿದ ಕಾಲು, ಮಾತು ಕಡಿಮೆ. ಬಂದ ದಿನವೇ ಪೆಟ್ಟಿಗೆ ಪೂರ್ತಿ ಬಿಚ್ಚಿದರು. ಅದು ಸಾಲದು ಎಂಬಂತೆ ಕೋಣೆಯ ಹಿಂದಿನ ಖಾಲಿ ಜಾಗ ಅಗೆದು ಮೂಲಂಗಿ, ಈರುಳ್ಳಿ ಹಾಕಿದರು.

"ಮೂಲಂಗಿ ಬೇಗ ಬರತ್ತೆ, ಅದನ್ನ ಅವರು ತಿಂದು ಹೋಗ್ಬಹುದು" ಎಂದ ನಮ್ಮ ಗೋಲ್‌ಕೀಪರ್. "ಈರುಳ್ಳಿ ನಮಗೆ ಬಿಡಿ."

ನೋರ್ಕುಲ್ ಅಕಾ, ಕ್ಲಬ್ಬು ಹೊರಗಿನಿಂದ ಕೊಂಡುತಂದಿದ್ದ ವಯಸ್ಸಾದ ಆಟಗಾರರನ್ನು ಪಕ್ಕಕ್ಕೆ ಕೂರಿಸಿ ಊರಿನ ಹುಡುಗರನ್ನೇ ಕಣಕ್ಕಿಳಿಸಿದರು. ಕಲಿಸಿದ್ದು ಒಂದೇ ಪಾಠ: ಚೆಂಡು ಕೊಟ್ಟವನು ನಿಲ್ಲಬಾರದು. ದಿನವೂ ಅದೇ. ಬಿಸಿಲು ನೆತ್ತಿ ಸುಡುತ್ತಿದ್ದರೂ ಅದೇ. "ಕೊಟ್ಟೆ, ನನ್ನ ಕೆಲಸ ಮುಗೀತು ಅಂತ ನಿಲ್ತೀಯಲ್ಲ, ನಿನ್ನ ಕೆಲಸ ಶುರುವಾಗೋದೇ ಅಲ್ಲಿಂದ ಕಣೋ" ಎನ್ನುತ್ತಿದ್ದರು. ನಮಗೋ, ಚೆಂಡು ಸಿಕ್ಕಿದರೆ ಆಕಾಶಕ್ಕೆ ಒದ್ದು ಕೈತೊಳೆದುಕೊಳ್ಳುವ ಅಭ್ಯಾಸ. ಹೊಸದು ಬರಲಿಲ್ಲ, ಹಳೆಯದು ಬಿಡಲಿಲ್ಲ. ಸಾಲುಸಾಲಾಗಿ ಸೋತೆವು. ಪಟ್ಟಿಯ ತಳಕ್ಕೆ ಬಿದ್ದೆವು. ಹೀಗೇ ಆದರೆ ಕೆಳಗಿನ ಲೀಗಿಗೆ ಇಳಿಯುವುದು ಖಂಡಿತ ಎಂದು ಬಜಾರಿನ ಕಲ್ಲಂಗಡಿ ಮಾರುವವರೂ ಲೆಕ್ಕ ಹಾಕಿದರು.

ಒಂದು ಆಟದಲ್ಲಿ ಎಲ್ಯೋರ್ ಎಂಬ ನಮ್ಮ ಹುಡುಗ, ಆಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಸ್ವಂತ ಗೋಲಿನ ಮುಂದೆಯೇ ಸಣ್ಣ ಪಾಸು ಕೊಡಲು ಹೋಗಿ ಚೆಂಡು ಕಳೆದುಕೊಂಡ. ಗೋಲಾಯಿತು, ಸೋತೆವು. ಕ್ರೀಡಾಂಗಣವೆಲ್ಲ ಅವನ ತಾಯಿತಂದೆಯನ್ನು ಎಳೆದಾಡಿತು. ಹೊರಗೆ ರೇಡಿಯೊದವನು ನೋರ್ಕುಲ್ ಅಕಾ ಮುಂದೆ ಮೈಕು ಹಿಡಿದು, ಆ ಹುಡುಗನನ್ನು ಯಾಕೆ ಆಡಿಸುತ್ತೀರಿ ಎಂದ.

"ಅದು ನಾನು ಹೇಳಿಕೊಟ್ಟ ಪಾಸು" ಎಂದರು ಅವರು. "ಹುಡುಗ ಸರಿಯಾಗೇ ಕೊಟ್ಟ. ಪಕ್ಕದಲ್ಲಿ ಇರಬೇಕಾದವನು ಇರಲಿಲ್ಲ. ಅದನ್ನ ನಾನಿನ್ನೂ ಕಲಿಸಿಲ್ಲ. ತಪ್ಪು ನಂದು, ಬರ್ಕೊಳ್ಳಿ."

ಎಲ್ಯೋರ್ ಬಸ್ಸಿನ ಹಿಂದಿನ ಸೀಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಪಕ್ಕದಲ್ಲಿ ಇರಬೇಕಾದವನು ಯಾರು ಎಂದು ನನಗೆ ಗೊತ್ತಿತ್ತು, ನೋರ್ಕುಲ್ ಅಕಾಗೂ ಗೊತ್ತಿತ್ತು. ಅವನ ಹೆಸರನ್ನು ಅವರು ಇವತ್ತಿನವರೆಗೂ ಬಾಯಿಬಿಟ್ಟು ಹೇಳಿಲ್ಲ. ಇಷ್ಟು ವರ್ಷಗಳಲ್ಲಿ ಸೋಲನ್ನು ತನ್ನ ಹೆಗಲಿಗೆ ಹಾಕಿಕೊಂಡ ತರಬೇತುದಾರನನ್ನು ನಾನು ನೋಡಿದ್ದು ಅದೇ ಮೊದಲು. ಆ ಮನುಷ್ಯನ ಮೇಲೆ ನನಗೆ ಅಂದೇ ಪ್ರೀತಿ ಹುಟ್ಟಿತು. ಈತ ಹೋಗಬಾರದು ಅನ್ನಿಸಿತು.

ಆ ಸಂಜೆಯೇ ಹೋಕಿಮರ ಫೋನು ಬಂತು. ಮರುದಿನ ಮೀರ್ಜೋಹಿದ್ ಅಕಾ ನನ್ನನ್ನು ಕರೆದುಕೊಂಡು ಹೋಶಿಮ್ ಓತಾ ಅವರ ಮನೆಗೆ ಹೊರಟರು. ಓತಾ ಎಂದರೆ ನಮ್ಮ ಕೇರಿಯ ಅತಿ ಹಿರಿಯರು. ಒಂದು ಕಾಲಕ್ಕೆ ಕಾಲುವೆಯ ನೀರು ಹಂಚುತ್ತಿದ್ದವರು. ಪ್ರತಿ ಆಟಕ್ಕೂ ಕಂಕುಳಲ್ಲಿ ದಿಂಬು ಇಟ್ಟುಕೊಂಡು ಬರುವವರು. ಚಹಾ ಬಂತು. ಮೊಮ್ಮಕ್ಕಳು, ಕುರಿ, ರಕ್ತದೊತ್ತಡ, ಎಲ್ಲದರ ಯೋಗಕ್ಷೇಮ ಮುಗಿದ ಮೇಲೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

"ಓತಾ, ಗುರುವಾರ ಚೋಯ್‌ಖೋನಾದಲ್ಲಿ ಒಂದು ಓಶ್ ಇಟ್ಕೊಂಡಿದ್ದೀವಿ. ನೋರ್ಕುಲ್ ಅವರ ಸಲುವಾಗಿ. ನೀವು ಬಂದು ಅವರ ಬಗ್ಗೆ ಒಳ್ಳೇ ಮಾತು ಹೇಳಿ ಪ್ರಾರ್ಥನೆ ಮಾಡ್ಬೇಕು."

"ಒಳ್ಳೇದೇ ಹೇಳ್ಬೇಕಾ?"

"ಒಳ್ಳೇದೇ ಹೇಳಿ. ಪರ ಊರಿನವರು, ಮನಸ್ಸು ನೋಯಬಾರದು."

"ಆಯ್ತು ಮಗಾ. ಒಳ್ಳೇದನ್ನೇ ಕೇಳ್ಕೋತೀನಿ."

ಬೀದಿಗೆ ಬಂದ ಮೇಲೆ ನಾನು, "ಅಕಾ, ಅವರನ್ನ ಕಳಿಸ್ತಾ ಇದ್ದೀವಿ ಅಂತ ನೀವು ಹೇಳಲೇ ಇಲ್ಲವಲ್ಲ" ಎಂದೆ.

"ಅಂಥ ಮಾತನ್ನ ಆ ವಯಸ್ಸಿನವರ ಮುಂದೆ ಬಾಯಿಬಿಟ್ಟು ಆಡ್ತಾರೇನೋ? ನಾಚಿಕೆ ಬೇಡ್ವಾ? ಅವರಿಗೆ ಅರ್ಥ ಆಗತ್ತೆ ಬಿಡು."

ಗುರುವಾರ ಎಲ್ಲರೂ ಸೇರಿದೆವು. ತಂಡದ ಹುಡುಗರು, ಕ್ಲಬ್ಬಿನವರು, ಹೋಕಿಮರ ಪರವಾಗಿ ಅವರ ಸಹಾಯಕರು. ನೋರ್ಕುಲ್ ಅಕಾ ಹೊಸ ಅಂಗಿ ತೊಟ್ಟು ಬಂದಿದ್ದರು. ಆ ಓಶ್ ಯಾಕೆಂದು ಅವರಿಗೂ ಗೊತ್ತಿತ್ತು. ತಟ್ಟೆಯಲ್ಲಿ ತಮ್ಮ ಪಾಲಿಗೆ ಬಂದ ಮಾಂಸದ ತುಂಡನ್ನು ಎಲ್ಯೋರ್ ಕಡೆಗೆ ತಳ್ಳಿ, "ತಿನ್ನೋ, ಭಾನುವಾರ ಆಟ ಇದೆ" ಎಂದರು. ಅವನು ಅದನ್ನು ತಟ್ಟೆಯ ಅಂಚಿಗೆ ಸರಿಸಿದ. ಅಷ್ಟು ರುಚಿಯಾದ ಓಶ್ ಅಷ್ಟು ಕಷ್ಟಪಟ್ಟು ತಿಂದದ್ದು ನೆನಪಿಲ್ಲ.

ತಟ್ಟೆ ಖಾಲಿಯಾದವು. ಚಹಾ ಸುತ್ತು ಮುಗಿಯಿತು. ಅಧ್ಯಕ್ಷರು ತಲೆಯಾಡಿಸಿದರು. ಹೋಶಿಮ್ ಓತಾ ಅಂಗೈ ಎತ್ತಿದರು. ನಾವೆಲ್ಲ ಎತ್ತಿದೆವು.

"ದೇವರೇ, ಈ ನೋರ್ಕುಲ್ ನಮ್ಮೂರಿಗೆ ಬಂದ. ನಮ್ಮ ಮಕ್ಕಳನ್ನ ತನ್ನ ಮಕ್ಕಳ ಹಾಗೆ ನೋಡ್ಕೊಂಡ. ಅವರು ಎಡವಿದಾಗ ಬೈಗುಳ ತಾನು ತಿಂದ."

ಅಧ್ಯಕ್ಷರು ಕಣ್ಣು ಮುಚ್ಚಿಕೊಂಡು ಹೌದು ಹೌದು ಎಂದು ತಲೆ ತೂಗುತ್ತಿದ್ದರು.

"ಇವನು ಶುರು ಮಾಡಿದ ಕೆಲಸ ಇವನ ಕೈಯಲ್ಲೇ ಪೂರ್ತಿಯಾಗ್ಲಿ. ಇವನ ಗಡ್ಡ ನೆರೆಯೋದನ್ನ ನಮ್ಮೂರೇ ನೋಡ್ಲಿ. ಇವನನ್ನ ಕರ್ಕೊಂಡು ಬಂದ ಮೀರ್ಜೋಹಿದ್‌ಗೆ ಇವನ ಹಿಂದೆ ನಿಲ್ಲೋ ತಾಳ್ಮೆ ಕೊಡು. ಸೋತಾಗ್ಲೂ ಕೊಡು."

ಅಧ್ಯಕ್ಷರ ಕಣ್ಣು ತೆರೆಯಿತು. ಸಹಾಯಕರ ಅಂಗೈ ಅರ್ಧಕ್ಕೆ ಇಳಿದು, ಸುತ್ತಲಿನವರನ್ನು ನೋಡಿ, ಮತ್ತೆ ಮೇಲೇರಿತು. ಓತಾ ಅಂಗೈ ಕೆಳಗಿಳಿಸಲಿಲ್ಲ. ಅಧ್ಯಕ್ಷರ ಮುಖವನ್ನೇ ನೋಡುತ್ತ ಕುಳಿತರು. ಆ ವಯಸ್ಸಿನ ಕೈಗಳು ಗಾಳಿಯಲ್ಲೇ ಇದ್ದವು. ಎಷ್ಟು ಹೊತ್ತು ಕಾಯಿಸಲು ಸಾಧ್ಯ?

"ಓಮಿನ್" ಎಂದರು ಮೀರ್ಜೋಹಿದ್ ಅಕಾ.

ನಾವು ಓಮಿನ್ ಅಂದೆವು. ಅಷ್ಟು ಜೋರಾಗಿ ಆ ಚೋಯ್‌ಖೋನಾದಲ್ಲಿ ಯಾರೂ ಅದುವರೆಗೆ ಅಂದಿರಲಾರರು.

ಜೋಡು ಬಿಟ್ಟಿದ್ದ ಕಡೆ ಅಧ್ಯಕ್ಷರು ಓತಾ ಅವರ ತೋಳು ಹಿಡಿದರು. "ಓತಾ, ನಾನು ಕೇಳ್ಕೊಂಡಿದ್ದೇನು, ನೀವು ಮಾಡಿದ್ದೇನು?"

"ಒಳ್ಳೇದು ಹೇಳಿ ಅಂದೆ. ಹೇಳ್ದೆ."

"ಕಳಿಸೋಕೆ ಅಂತ ನಿಮಗೆ ಗೊತ್ತಾಗ್ಲಿಲ್ವಾ?"

"ಬಜಾರಿಗೆಲ್ಲ ಗೊತ್ತಿತ್ತು, ನನಗೇನು ಕಿವಿ ಇಲ್ವಾ? ಏಳು ಜನರನ್ನ ಕಳಿಸೋ ಓಶ್ ತಿಂದಿದ್ದೀನಿ ಮಗಾ. ಡಾಕ್ಟರು ಕೊಬ್ಬು ಬಿಡು ಅಂತಾರೆ, ನೀನು ಬಿಡೋಕೆ ಬಿಡ್ತಿಲ್ಲ."

ಅಧ್ಯಕ್ಷರ ಪಾಲಿಗೆ ಅದು ಬಿಸಿತುಪ್ಪವಾಯಿತು. ಭಾನುವಾರ ಗೆದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು. ನಾವು ಚೆನ್ನಾಗಿ ಆಡಿದೆವು, ಆದರೂ ಕೊನೆಯ ಗಳಿಗೆಯಲ್ಲಿ ಒಂದು ಗೋಲಿನಿಂದ ಸೋತೆವು. ಮರುದಿನ ಹೋಕಿಮರು ಮೀರ್ಜೋಹಿದ್ ಅಕಾ ಅವರನ್ನು ಕಚೇರಿಗೇ ಕರೆಸಿಕೊಂಡರು. ನಾವು ಅಭ್ಯಾಸ ಮಾಡುತ್ತಿದ್ದಾಗ ಅವರು ಅಲ್ಲಿಂದ ನೇರವಾಗಿ ಮೈದಾನಕ್ಕೆ ಬಂದರು. ನೋರ್ಕುಲ್ ಅಕಾ ಸೀಟಿ ಬಾಯಿಂದ ತೆಗೆದು ಹತ್ತಿರ ಹೋದರು. ನಾನೂ ಹೋದೆ.

"ನಾನು ಯಾವಾಗ ಹೊರಡಲಿ?" ಎಂದರು ನೋರ್ಕುಲ್ ಅಕಾ.

"ನೀವಲ್ಲ, ಹೊರಟಿರೋದು ನಾನು." ಮೀರ್ಜೋಹಿದ್ ಅಕಾ ಬೆಂಚಿನ ಮೇಲೆ ಕುಸಿದು ಕುಳಿತರು. "ಅವನಾ, ನೀನಾ, ಆರಿಸ್ಕೋ ಅಂದ್ರು ಹೋಕಿಮರು. ನಾನು ಓಮಿನ್ ಅಂದಿದ್ದೀನಿ ಅಂದೆ. ಮುದುಕನ ಪ್ರಾರ್ಥನೆ ತಾನೇ, ಫೋನಲ್ಲಿ ಹೇಳಿ ಮುಗಿಸು ಅಂದ್ರು. ಆಗಲ್ಲ ಅಂದೆ."

"ನಾನೇ ಬಿಟ್ಟು ಹೋಗಿದ್ರೆ ನಿಮ್ಮ ಕುರ್ಚಿ ಉಳೀತಿತ್ತು. ಈಗ್ಲೂ ತಡ ಆಗಿಲ್ಲ."

"ನೀವು ಹೋದ್ರೆ ನನ್ನ ಓಮಿನ್‌ಗೆ ಏನು ಬೆಲೆ ಸ್ವಾಮಿ? ಹೋಗಿ, ಹುಡುಗರಿಗೆ ಕಲಿಸಿ." ಕ್ಲಬ್ಬಿನ ಬೀಗದ ಕೈಗಳ ಗೊಂಚಲನ್ನು ನನ್ನ ಅಂಗೈಯಲ್ಲಿಟ್ಟರು. "ಏಳು ಜನರನ್ನ ಕಳಿಸಿದ್ದೀನಿ ಸೋಬಿರ್. ಹೋಗೋವನಿಗೆ ಹೇಗಿರತ್ತೆ ಅಂತ ಗೊತ್ತಿರಲಿಲ್ಲ ಕಣೋ" ಎಂದರು.

ಆ ಕುರ್ಚಿ ಅವರಿಗೆ ಎಷ್ಟು ಪ್ರಿಯವಾಗಿತ್ತು ಎಂದು ನಾನು ಬಲ್ಲೆ. ಮದುವೆ ಮನೆಗಳಲ್ಲಿ ಅವರನ್ನು ಕಾರ್ಖಾನೆಯ ಮೀರ್ಜೋಹಿದ್ ಎಂದು ಕರೆದರೆ ತಿರುಗುತ್ತಿರಲಿಲ್ಲ, ಕ್ಲಬ್ಬಿನ ಮೀರ್ಜೋಹಿದ್ ಎಂದರೆ ಎದ್ದು ಬರುತ್ತಿದ್ದರು. ನಾಲ್ಕು ವರ್ಷ ಅವರ ಬೆನ್ನ ಹಿಂದೆ ಆಡಿಕೊಂಡಿದ್ದ ನಾನು ಅಂದು ಆ ಬೀಗದ ಕೈಗಳನ್ನು ಹಿಡಿದು ನಿಂತು, ಈತನಷ್ಟು ಗಟ್ಟಿ ಮನುಷ್ಯ ಈ ಊರಲ್ಲಿ ಇನ್ನೊಬ್ಬನಿಲ್ಲ ಅಂದುಕೊಂಡೆ. ಈಗಲೂ ಅದೇ ಅನ್ನುತ್ತೇನೆ.

ಹೋಕಿಮರು ಹೊಸ ಅಧ್ಯಕ್ಷನನ್ನು ಹುಡುಕಿದರು. ಇಟ್ಟಿಗೆ ಭಟ್ಟಿಯವನಿಗೆ ಬೆನ್ನುನೋವು ಬಂತು. ಹಿಟ್ಟಿನ ಗಿರಣಿಯವನು ಮಗಳ ಮದುವೆ ಇದೆ ಅಂದ. ಅವನ ಮಗಳು ಇನ್ನೂ ಶಾಲೆಯಲ್ಲಿದ್ದಳು. ಕುರ್ಚಿ ಹತ್ತಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಏನೆಂದು ಎಲ್ಲರಿಗೂ ತಿಳಿದಿತ್ತು. ಹೋಶಿಮ್ ಓತಾ ಕಣ್ಣೆದುರಿಗೇ ಆ ಓಮಿನ್ ಮುರಿದವನು ಎನ್ನಿಸಿಕೊಳ್ಳಲು ಯಾರೂ ತಯಾರಿರಲಿಲ್ಲ. ಹೀಗಾಗಿ ತರಬೇತುದಾರನನ್ನು ಕಳಿಸುವ ಅಧಿಕಾರವಿದ್ದವನೇ ಇಲ್ಲದೆ ನಮ್ಮ ಕ್ಲಬ್ಬು ಬೇಸಿಗೆ ದಾಟಿತು.

ಆ ಬೇಸಿಗೆಯಲ್ಲಿ ನೋರ್ಕುಲ್ ಅಕಾ ತಮ್ಮ ಒಂದೇ ಪಾಠವನ್ನು ಕಲಿಸುತ್ತಲೇ ಹೋದರು. ಪವಾಡವೇನೂ ಆಗಲಿಲ್ಲ. ಒಮ್ಮೆ ಸಮ, ಮತ್ತೆ ಸೋಲು, ಮತ್ತೆ ಸಮ. ಒಂದು ಸಂಜೆ ಅಭ್ಯಾಸದಲ್ಲಿ ಚೆಂಡು ಕೊಟ್ಟ ನನ್ನ ಕಾಲುಗಳು ನನ್ನನ್ನು ಕೇಳದೆ ಮುಂದಕ್ಕೆ ಹೊರಟವು. ಎಲ್ಯೋರ್ ತಲೆಯೆತ್ತದೆ ಚೆಂಡನ್ನು ನನಗೇ ತಿರುಗಿ ಕೊಟ್ಟ. ನಾನು ಅಲ್ಲಿರುತ್ತೇನೆ ಎಂದು ಅವನಿಗೆ ಗೊತ್ತಿತ್ತು. ನೋರ್ಕುಲ್ ಅಕಾ ಸೀಟಿ ಊದುವುದನ್ನೇ ಮರೆತರು. ಅದಾದ ಮೇಲೆ ಗೆಲ್ಲತೊಡಗಿದೆವು.

ಮೀರ್ಜೋಹಿದ್ ಅಕಾ ಟಿಕೆಟು ಕೊಂಡು ಬಂದು ಓತಾ ಪಕ್ಕದಲ್ಲಿ ಕುಳಿತು ಸೂರ್ಯಕಾಂತಿ ಬೀಜ ಜಗಿಯುತ್ತ ಎಲ್ಲ ಆಟ ನೋಡಿದರು. ಕೊನೆಯ ಆಟದಲ್ಲಿ ಒಂದು ಅಂಕ ಸಿಕ್ಕರೆ ಲೀಗಿನಲ್ಲಿ ಉಳಿಯುತ್ತಿದ್ದೆವು. ಗೋಲಿಲ್ಲದೆ ಸಮ ಮಾಡಿಕೊಂಡು ಉಳಿದೆವು. ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಹೋಕಿಮರ ಸಹಾಯಕರು ಅಂದಿನಿಂದ ತಾವೇ ಅಧ್ಯಕ್ಷರೆಂದು ಮೈಕಿನಲ್ಲಿ ಸಾರಿ, ನೋರ್ಕುಲ್ ಅಕಾ ಅವರನ್ನು ಅಪ್ಪಿಕೊಂಡು, ಅವರು ನಮ್ಮಲ್ಲೇ ಇರುತ್ತಾರೆ ಎಂದರು. ಗದ್ದಲದಲ್ಲಿ ಅರ್ಧ ಮಾತು ಯಾರಿಗೂ ಕೇಳಲಿಲ್ಲ.

ನಾನು ಜನರನ್ನು ಸರಿಸಿಕೊಂಡು ಮೆಟ್ಟಿಲು ಹತ್ತಿ ಮೀರ್ಜೋಹಿದ್ ಅಕಾ ಹತ್ತಿರ ಹೋದೆ. ಅವರ ಕಣ್ಣು ಒದ್ದೆಯಾಗಿತ್ತು.

"ಏನಂತೆ? ಇಟ್ಕೋತಾರಂತಾ ಅವರನ್ನ?"

"ಹೌದು ಅಕಾ. ಎರಡು ವರ್ಷಕ್ಕೆ ಬರೆದು ಕೊಟ್ಟಿದ್ದಾರಂತೆ."

ಬೀಜ ಜಗಿಯುತ್ತಿದ್ದ ಬಾಯಿ ನಿಂತಿತು. "ಎರಡೇ ವರ್ಷಾನಾ?" ಮುಖ ಕೆಂಪಾಯಿತು. "ಎರಡು ವರ್ಷದಲ್ಲಿ ಒಬ್ಬ ಮನುಷ್ಯ ಏನು ಮಾಡೋಕಾಗತ್ತೆ? ತಲೆಯಲ್ಲಿ ಏನಾದ್ರೂ ಇದೆಯಾ ಇವರಿಗೆ?"

ತೊಡೆಯ ಮೇಲಿನ ಸಿಪ್ಪೆ ಕೊಡವಿಕೊಂಡು ಎದ್ದರು. ನಾನು ತಡೆಯುವಷ್ಟರಲ್ಲಿ ಮೆಟ್ಟಿಲು ಇಳಿದು, ಹೊಸ ಅಧ್ಯಕ್ಷರ ಜೊತೆ ಜಗಳವಾಡಲು ಹೋಗಿಯೇಬಿಟ್ಟರು.