ನೀರಿನ ಮೈಕಿನಲ್ಲಿ ಪದ್ಯ

“ಈ ಮೈಕು ಯಾವಾಗಿಂದ ಆನ್ ಆಗಿದೆ?”

ಅತ್ತಿಗೆ ಕೇಳಿದ್ದು ಗೋಡೆಯನ್ನು. ನಾನು ಕೈ ಒರೆಸಿಕೊಳ್ಳುತ್ತ ಒಳಗೆ ಬಂದಾಗ ಅವರು ಮೈಕಿನ ಕೆಂಪು ದೀಪವನ್ನೇ ನೋಡುತ್ತ ನಿಂತಿದ್ದರು.

ಪುರಸಭೆಯ ನೀರಿನ ಕಚೇರಿಯಲ್ಲಿ ನನ್ನದು ವಾಲ್ವ್ ತಿರುಗಿಸುವ ಕೆಲಸ, ಅತ್ತಿಗೆಯದು ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಎಂದು ಕಂಬದ ಮೇಲಿನ ಸ್ಪೀಕರುಗಳಲ್ಲಿ ಸಾರುವ ಕೆಲಸ. ಟ್ಯಾಂಕು ತುಂಬುವವರೆಗೆ ಅವರು ಕಣ್ಣು ಮುಚ್ಚಿ ದೇವರ ಪದ್ಯ ಹೇಳಿಕೊಳ್ಳುತ್ತಾರೆ. ಅದರ ಕೊನೆಯ ಸಾಲು ಕಿವಿಗೆ ಬಿದ್ದಾಗ ನಾನು ವಾಲ್ವ್ ಬಿಡುತ್ತೇನೆ. ಅವರು ನಮ್ಮ ಮನೆಗೆ ಸೊಸೆಯಾಗಿ ಬಂದಂದಿನಿಂದ ಆ ಪದ್ಯ ಕೇಳಿಕೊಂಡೇ ನನ್ನ ಬೆಳಗು. ಇವತ್ತು ಅತ್ತಿಗೆಯ ದನಿ ಚೆನ್ನಾಗಿ ಎದ್ದಿದೆ ಎಂದುಕೊಂಡಿದ್ದೆನೇ ಹೊರತು, ನನ್ನ ಮಂದ ತಲೆಗೆ ಸ್ಪೀಕರಿನ ನೆನಪೇ ಬರಲಿಲ್ಲ.

ಊರೇ ಕೇಳಿತ್ತು. ಮಧ್ಯಾಹ್ನದೊಳಗೆ ಪುರಸಭೆ ಅಧ್ಯಕ್ಷರೇ ಬಂದರು.

“ದಿನಾ ಹೇಳಿಬಿಡಿ ತಾಯಿ. ಪದ್ಯ ಮೊದಲು, ನೀರಿನ ಸುದ್ದಿ ಆಮೇಲೆ.”

“ಯೋಚ್ನೆ ಮಾಡ್ತೀನಿ ಸಾರ್” ಎಂದರು ಅತ್ತಿಗೆ. ಮುಖ ಆಗಲೇ ಹೂಂ ಎಂದಿತ್ತು. ತನ್ನ ಪದ್ಯ ಊರಿನ ಕಿವಿಗೆ ಬೀಳಬೇಕೆಂಬುದು ಅವರ ಎಷ್ಟೋ ವರ್ಷದ ಆಸೆ.

ಸಂಜೆ ನಾವಿಬ್ಬರೂ ಮನೆಗೆ ಹೋಗುವಾಗ ನಮ್ಮ ಬೀದಿಯ ದರ್ಜಿಯ ತಾಯಿ ಬಾಗಿಲಿನಿಂದಲೇ ಅತ್ತಿಗೆಯನ್ನು ಕರೆದರು. ಅವರು ಬೇರೆ ಧರ್ಮದವರು.

“ಮಗಳೇ, ನಿನ್ನ ಪದ್ಯಕ್ಕೆ ನಲ್ಲಿ ಹತ್ರ ಎಲ್ಲಾ ಕೈ ಮುಗಿದ್ರು. ಇನ್ಮೇಲೆ ನೀರಿಗೆ ಬಂದ್ರೆ ನಾನೂ ಮುಗೀಬೇಕಾ?”

“ಅಯ್ಯೋ, ಯಾರಮ್ಮ ಹಾಗಂದೋರು?”

“ಯಾರೂ ಅನ್ಲಿಲ್ಲ. ಒಬ್ಳು ತಿರುಗಿ ನೋಡಿದ್ಳು, ಅಷ್ಟೆ. ಎರಡೂ ಕೈ ಮುಗಿದ್ರೆ ಕೊಡ ನೀನು ಹಿಡ್ಕೋತೀಯಾ ಅಂದೆ.”

ಮುದುಕಿ ನಕ್ಕರು, ಅತ್ತಿಗೆಯೂ ನಕ್ಕರು. ಆದರೆ ಅತ್ತಿಗೆ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, “ಪದ್ಯ ನಂದು ಕಣಪ್ಪ. ಮೈಕು ಆ ಯಮ್ಮಂದೂ ಹೌದು” ಎಂದರು.

ಮರುದಿನ ಟ್ಯಾಂಕು ತುಂಬುವ ಮೊದಲೇ ಅಧ್ಯಕ್ಷರು ಕುರ್ಚಿ ಎಳೆದುಕೊಂಡು ಕೂತಿದ್ದರು. ಅತ್ತಿಗೆ ವಿಷಯ ಹೇಳಿದರು.

“ಅದಕ್ಕೇನಂತೆ? ಎಲ್ಲಾ ಧರ್ಮದೋರಿಗೂ ಒಂದೊಂದು ವಾರ ಕೊಟ್ರಾಯ್ತು.”

“ದೇವ್ರೇ ಇಲ್ಲ ಅಂತಾನಲ್ಲ ನಮ್ಮ ಪೋಸ್ಟ್‌ಮ್ಯಾನು, ಅವನಿಗೆ ಯಾವ ವಾರ ಸಾರ್?”

ಅಧ್ಯಕ್ಷರಿಗೇ ನಗು ತಡೆಯಲಾಗಲಿಲ್ಲ. ನಾನು ಸ್ಪ್ಯಾನರ್ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದೆ.

“ಹೋಗ್ಲಿ ತಾಯಿ, ಇವತ್ತೊಂದೇ ದಿನ. ನಮ್ಮಮ್ಮ ಕಿಟಕಿ ಹತ್ರ ಕಾಯ್ತಾ ಕೂತಿದ್ದಾರೆ.”

“ಅಮ್ಮನ್ನ ನಮ್ಮನೆಗೆ ಕರ್ಕೊಂಡು ಬನ್ನಿ ಸಾರ್. ಸಾಕು ಅನ್ನೋವರೆಗೂ ಹೇಳ್ತೀನಿ.” ಅತ್ತಿಗೆ ಮೈಕನ್ನು ತನ್ನತ್ತ ಎಳೆದುಕೊಂಡರು. “ಇದ್ರಲ್ಲಿ ಹೇಳಲ್ಲ.”